ಹಾಲಿಗೆ ಕಾವಲಿದ್ದ ಉರ್ಸವ್ವ

“ಕೆಲಸ ಕೊಡ್ರಿ!”

ಬೆಳಗಾದರೆ ಸಾಕು, ನಮ್ಮ ಅಡುಗೆಮನೆಯ ಬಾಗಿಲಿಗೆ ಈ ಬೇಡಿಕೆ ಬಂದು ನಿಲ್ಲುತ್ತಿತ್ತು. ಚೌಕಟ್ಟಿಗೆ ತಲೆ ತಾಗುವಂಥ ಎತ್ತರ, ಗಿಡ್ಡಗೆ ಕತ್ತರಿಸಿದ ಬಿಳಿಗೂದಲು, ಮೊಣಕೈವರೆಗೆ ಮಡಚಿದ ತೋಳು. ಉರ್ಸುಲಾ ಜರ್ಮನಿಯಿಂದ, ಮರಾಠಿ ನಾಡಿನ ಖಡಕಿಯ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸೇವೆ ಮಾಡಲೆಂದು ಬಂದವಳು. ತನ್ನೂರಿನ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾಗಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಬರುವ ಮುಂಚೆ ಕಲಿತಿದ್ದ ನಾಲ್ಕು ಕನ್ನಡದ ಮಾತುಗಳಲ್ಲಿ ಬಾಯಿಗೆ ಹತ್ತಿದ್ದು ಇದೊಂದೇ. ಉಳಿದದ್ದೆಲ್ಲ ನನ್ನೊಡನೆ ಇಂಗ್ಲಿಷಿನಲ್ಲಿ.

ಆಕೆಗೊಂದು ವಿಚಿತ್ರ ಅಭ್ಯಾಸವಿತ್ತು. ಯಾವ ಕೆಲಸ ಮುಗಿಸಿದರೂ ಮೇಜಿನ ಮೇಲೆ ಮುಷ್ಟಿಯಿಂದ ಒಂದು ಗುದ್ದು ಗುದ್ದುತ್ತಿದ್ದಳು. ಆಯುಷ್ಯವೆಲ್ಲ ಲಕೋಟೆಗಳಿಗೆ ಮುದ್ರೆ ಒತ್ತಿದ ಕೈ, ಸುಮ್ಮನಿರುವುದಾದರೂ ಹೇಗೆ? ಆದರೆ ಬಂದ ಹೊಸದರಲ್ಲಿ ನಮ್ಮ ಮನೆಯಲ್ಲಿ ಆ ಗುದ್ದು ಕೇಳಿಸುತ್ತಿದ್ದುದು ಚಹಾ ಕುಡಿದು ಮುಗಿಸಿದಾಗ ಮಾತ್ರ. ಬೇರೆ ಕೆಲಸ ಯಾರು ಕೊಟ್ಟಿದ್ದರು?

ನಮ್ಮದು ಸಣ್ಣ ಸಭೆ. ಅಜ್ಜಂದಿರ ಕಾಲದಲ್ಲಿ ಗದಗ, ಧಾರವಾಡದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದು ಇಲ್ಲೇ ಬೇರು ಬಿಟ್ಟ ಮನೆತನಗಳು. ಮರಾಠಿಯವರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ ನಮ್ಮದು ಶುರುವಾಗುತ್ತದೆ. ಹೆಣ್ಣುಮಕ್ಕಳ ಹೊಲಿಗೆ ತರಗತಿಗೂ ಮಕ್ಕಳ ಭಾನುವಾರದ ಪಾಠಕ್ಕೂ ಕೈ ಸಾಲದೆಂದು ನಮ್ಮ ಪಾದ್ರಿಗಳೇ ಆಕೆಯನ್ನು ಕರೆಸಿದ್ದರು. ಮೇಲಿನ ಕೋಣೆ ಖಾಲಿ ಇದ್ದುದರಿಂದ ನಮ್ಮ ಮನೆಯಲ್ಲಿ ಇಳಿಸಿದರು.

ಇಳಿಸಿದ್ದು ನನ್ನ ಅತ್ತೆಯ ಕೈಗೆ. “ಕೆಲಸ ಕೊಡ್ರಿ” ಎಂಬುದಕ್ಕೆ ಅತ್ತೆಯ ಬಳಿ ಒಂದೇ ಉತ್ತರ: “ಕುಂಡ್ರಿ.” ಕುರ್ಚಿ ಬರುತ್ತಿತ್ತು, ಹಿಂದೆಯೇ ಚಹಾ, ಅದರ ಹಿಂದೆ ಅವಲಕ್ಕಿ. ಸಭೆಯವರೇನು ಕಡಿಮೆಯೇ? ಹೊಲಿಗೆ ತರಗತಿಯಲ್ಲಿ ಆಕೆಯ ಕೈಯಿಂದ ಸೂಜಿ ಕಸಿದುಕೊಂಡು ಕೈಗೆ ಬಿಸ್ಕತ್ತು ಕೊಟ್ಟರು. ಮಕ್ಕಳ ಪಾಠದ ದಿನ ಕೊರಳಿಗೆ ಹಾರ ಹಾಕಿ ಮುಂದೆ ಕೂಡಿಸಿದರು. ಒಮ್ಮೆ ಚರ್ಚಿನ ಕಸ ಗುಡಿಸಲು ಬಾರಿಗೆ ಹಿಡಿದಳು ನೋಡಿ, ಹಿರಿಯರೊಬ್ಬರ ಹೆಂಡತಿ ಓಡಿಬಂದು, “ಅಯ್ಯಯ್ಯ, ಬಿಡ್ರಿ, ನಮಗ ಪಾಪ ಹತ್ತತೈತಿ!” ಎಂದು ಕೂಗಿದರು. ಪಾಪದ ಬಗ್ಗೆ ಅಷ್ಟು ಖಚಿತವಾಗಿ ನಮ್ಮ ಸಭೆಯಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿರಲಿಲ್ಲ.

ಒಂದು ಸಂಜೆ ಉರ್ಸುಲಾ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಹೇಳಿಯೇಬಿಟ್ಟಳು. “ಊರಲ್ಲಿ ಸುಮ್ಮನೆ ಕೂತು ಕೂತು ಸಾಕಾಗಿ ಇಲ್ಲಿಗೆ ಬಂದೆ. ಇಲ್ಲೂ ಕೂರುವುದೇ ಆದರೆ ನನ್ನ ಮನೆಯ ಕುರ್ಚಿ ಇದಕ್ಕಿಂತ ಮೆತ್ತಗಿದೆ. ಸುಗ್ಗಿ ಹಬ್ಬ ಮುಗಿಸಿ ಹೊರಡುತ್ತೇನೆ. ಪಾದ್ರಿಗಳಿಗೂ ಹೇಳಿದ್ದೇನೆ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಅಷ್ಟರಲ್ಲಿ ನಾನು ಆಕೆಯನ್ನು ಹಚ್ಚಿಕೊಂಡುಬಿಟ್ಟಿದ್ದೆ.

ಸುದ್ದಿ ಕೇಳಿ ಅತ್ತೆ ಕಂಗಾಲಾದರು.

“ಏನ್ ಕಡಿಮಿ ಮಾಡಿದ್ವಿ ಅಕಿಗೆ? ತುಪ್ಪ ಸಾಲಲಿಲ್ಲೇನು?”

“ಅತ್ತಿ, ಅವರಿಗೆ ಕೆಲಸ ಬೇಕಂತ್ರಿ.”

“ಮನಿಗೆ ಬಂದ ಬೀಗರ ಕೈಲೆ ಭಾಂಡೆ ತಿಕ್ಕಸೋದಾ? ನಾಳೆ ಆ ದೇಶದಾಗ ನಮ್ಮ ಬಗ್ಗೆ ಏನ್ ಹೇಳ್ಯಾರು?”

ಹೀಗೆಂದು ಉಪಚಾರವನ್ನು ಇನ್ನಷ್ಟು ಹೆಚ್ಚಿಸಿದರು. ನಮ್ಮ ಕೋಣೆಯ ಟೇಬಲ್ ಫ್ಯಾನ್ ಕೂಡ ಮೇಲೆ ಹೋಯಿತು. ಸೆಕೆಗೆ ನಾನೂ ನನ್ನ ಗಂಡನೂ ಹೊರಳಾಡಿದ್ದೇ ಬಂತು.

ಸುಗ್ಗಿ ಹಬ್ಬ ಎಂದರೆ ನಮ್ಮಲ್ಲಿ ಬೆಳೆಗಾಗಿ ದೇವರಿಗೆ ಕೃತಜ್ಞತೆ ಹೇಳುವ ದಿನ. ಖಡಕಿಯಲ್ಲಿ ಬೆಳೆಯೆಲ್ಲಿ ಬಂತು ಎನ್ನಬೇಡಿ. ಬಾಜಾರಿನ ಬದನೆಕಾಯಿಯನ್ನೇ ಬುಟ್ಟಿಯಲ್ಲಿಟ್ಟು ತರುತ್ತೇವೆ. ಅಂದು ಚರ್ಚಿನ ಹಿತ್ತಲಲ್ಲಿ ಹೆಂಗಸರೆಲ್ಲ ಸೇರಿ ಅಡುಗೆ ನಡೆದಿತ್ತು. ಪಾಯಸದ ಹಾಲು ದೊಡ್ಡ ಪಾತೇಲಿಯಲ್ಲಿ ಒಲೆಯ ಮೇಲಿತ್ತು. ಎಲ್ಲರ ಕೈಗೂ ಹಿಟ್ಟು. ಇದೇ ಸಮಯವೆಂದು ನಾನು ಉರ್ಸುಲಾಳನ್ನು ಮೆಲ್ಲಗೆ ಕರೆದು ಒಲೆಯ ಹತ್ತಿರ ನಿಲ್ಲಿಸಿ, ಹಾಲು ಮೇಲೆ ಬಂದರೆ ಉರಿ ತಗ್ಗಿಸಬೇಕೆಂದು ಹೇಳಿದೆ. ಆಕೆಯ ಮುಖ ಅರಳಿತು. ಆದರೆ ಪಕ್ಕದಲ್ಲೇ ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಮುದ್ದೆ ಅಂಗೈಯ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಗುವುದನ್ನು ಉರ್ಸುಲಾ ಬಾಯಿ ತೆರೆದು ನೋಡುತ್ತ ನಿಂತಳು.

ಚುಂಯ್ ಎಂದಾಗ ಎಲ್ಲರೂ ತಿರುಗಿದೆವು. ಹಾಲು ಉಕ್ಕಿ, ಉರಿ ಆರಿಸಿ, ಕಟ್ಟೆಯಿಂದ ನೆಲಕ್ಕೆ ಇಳಿಯುತ್ತಿತ್ತು.

“ಇರ್ಲಿ ಬಿಡ್ರಿ, ಏನಾಗಂಗಿಲ್ಲ,” ಎಂದರು ಹೆಂಗಸರು. ಯಾರೋ ಮತ್ತೆ ಅದೇ ಕುರ್ಚಿ ತಂದರು. ಉರ್ಸುಲಾಳ ಮುಖ ಸಣ್ಣದಾಯಿತು. ಇನ್ನು ಮುಗಿಯಿತು, ನಾಳೆಯೇ ಪೆಟ್ಟಿಗೆ ಕಟ್ಟುತ್ತಾಳೆ ಎಂದುಕೊಂಡೆ.

ಆಗ ಅತ್ತೆಯ ದನಿ ಎದ್ದಿತು.

“ಏ ಉರ್ಸವ್ವಾ! ಕಣ್ಣೆಲ್ಲಿ ಇಟ್ಟಿದ್ದಿ? ಇಷ್ಟ್ ಹಾಲು ಮಣ್ಣುಪಾಲು ಮಾಡಿದ್ಯಲ್ಲ! ಬಾಯಿ ತಕ್ಕೊಂಡು ನಿಂತ್ರ ಪಾಯಸ ಆಗತೈತೇನು? ತಗೋ, ಒರಸು!”

ಒರೆಸುವ ಬಟ್ಟೆ ಹಾರಿಹೋಗಿ ಉರ್ಸುಲಾಳ ಎದೆಗೆ ಬಡಿಯಿತು. ತಾನು ಬೈದದ್ದು ಯಾರನ್ನೆಂದು ಅರಿವಾಗಿ ಅತ್ತೆ ನಾಲಿಗೆ ಕಚ್ಚಿಕೊಂಡರು. ಅವ್ವ ಸೇರಿಸಿ ಆಕೆಯ ಹೆಸರು ಕರೆದದ್ದೂ ಅದೇ ಮೊದಲು.

“ಏನೆಂದರು?” ಎಂದು ಉರ್ಸುಲಾ ನನ್ನನ್ನು ಕೇಳಿದಳು. ಸ್ವಲ್ಪ ತೇಪೆ ಹಾಕೋಣವೆನಿಸಿತು. ಆದರೆ ಆಕೆ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಒಂದೂ ಬಿಡದೆ ಹೇಳಿದೆ.

ಆಕೆ ಮೊಣಕಾಲೂರಿ ಕೂತಳು. ನೆಲ ಒರೆಸಿದಳು, ಕಟ್ಟೆ ಒರೆಸಿದಳು, ಒಲೆಯ ಬರ್ನರ್ ಬಿಚ್ಚಿ ತೊಳೆದಳು. ಕಟ್ಟೆಯ ಮೇಲೆ ಒಂದು ಗುದ್ದು ಗುದ್ದಿ, ಅತ್ತೆಯ ಕಡೆ ತಿರುಗಿ, “ಕೆಲಸ ಕೊಡ್ರಿ” ಎಂದಳು.

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡರು. ಆಮೇಲೆ, “ಉಳ್ಳಾಗಡ್ಡಿ ಬಿದ್ದಾವಲ್ಲ, ಹೆಚ್ಚು,” ಎಂದರು.

ಹಬ್ಬದೂಟದಲ್ಲಿ ಪಾಯಸ ನೀರಾಗಿತ್ತು. ಊಟದ ನಂತರ ಪಾದ್ರಿಗಳು ಪ್ರಯಾಣದ ಮಾತು ತೆಗೆದಾಗ ಉರ್ಸುಲಾ ಇಲ್ಲವೆಂದು ತಲೆಯಾಡಿಸಿದಳು. ಹಾಲು ಕಾಯಿಸಲು ಕಲಿಯುವವರೆಗೆ ತಾನು ಹೋಗುವಂತಿಲ್ಲವಂತೆ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು. ನಾನು ನೀರುಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡೆ.

ಅತ್ತೆ ಬೈದದ್ದನ್ನು ನೋಡಿ ಉಳಿದವರಿಗೂ ಧೈರ್ಯ ಬಂತು. ಹೊಲಿಗೆ ತರಗತಿಯಲ್ಲಿ ಗುಂಡಿಯ ಕಾಜ ಸೊಟ್ಟಗಾದರೆ ಬೈದರು, ಮಕ್ಕಳು ಆಕೆಯ ಉಚ್ಚಾರಕ್ಕೆ ಬಿದ್ದು ಬಿದ್ದು ನಕ್ಕರು. ಆಕೆ ಮೈ ತುಂಬಿಕೊಂಡಳು. ಬಸ್ಸು ಹಿಡಿದು ಶಿವಾಜಿನಗರಕ್ಕೆ ಒಬ್ಬಳೇ ಹೋಗಿ, “ದಾದಾ, ಬರೋಬರ್ ಸಾಂಗಾ!” ಎಂದು ಮರಾಠಿಯಲ್ಲೇ ಸರಿಯಾದ ಬೆಲೆ ಕೇಳಿ ದಾರದ ಅಂಗಡಿಯವನೊಡನೆ ಚೌಕಾಸಿ ಮಾಡಿ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಬೆಳಗಿನ ಹಾಲು ಪೂರ್ತಿ ಆಕೆಯದೇ ಜವಾಬ್ದಾರಿ. ಕೈಕಟ್ಟಿ ಪಾತ್ರೆಯ ಮುಂದೆ ಸಿಪಾಯಿಯಂತೆ ನಿಲ್ಲುವಳು, ಯಾರು ಮಾತಾಡಿಸಿದರೂ ತಿರುಗುತ್ತಿರಲಿಲ್ಲ. ಉಕ್ಕುವ ಮೊದಲೇ ಆರಿಸಿ, ಗುದ್ದು.

ವೀಸಾ ಮುಗಿದಾಗ ಹೊರಟಳು. ಲೋಹಗಾಂವ್ ವಿಮಾನ ನಿಲ್ದಾಣದ ಬಾಗಿಲಲ್ಲಿ ನಾನು ಅಳುತ್ತಿದ್ದೆ, ಅತ್ತೆ ಬೈಯುತ್ತಿದ್ದರು.

“ಸ್ವೆಟರ್ ಮ್ಯಾಲ ಇಟ್ಕೊಂಡಿ ಇಲ್ಲೋ? ಅಲ್ಲಿ ಥಂಡಿ ಭಾಳ ಅಂತ. ಪಾಸ್‌ಪೋರ್ಟ್ ಎಲ್ಲೈತಿ? ಎಲ್ಲೆರ ಬಾಯಿ ತಕ್ಕೊಂಡು ನಿಂತು ವಿಮಾನ ತಪ್ಪಿಸ್ಕೊಂಡಿ, ನೋಡು!”

“ಹೌದ್ರಿ, ಹೌದ್ರಿ,” ಎನ್ನುತ್ತ ಉರ್ಸವ್ವ ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು. ಅತ್ತೆಯನ್ನು ಬಗ್ಗಿ ತಬ್ಬಿಕೊಂಡಳು. ಪೆಟ್ಟಿಗೆಯ ಮೇಲೆ ಒಂದು ಗುದ್ದು ಗುದ್ದಿ ಒಳಗೆ ನಡೆದಳು.

ಮರುದಿನ ಬೆಳಗ್ಗೆ ಹಾಲು ಒಲೆಗೇರಿಸಿ ನಾನು ತರಕಾರಿ ತೊಳೆಯುತ್ತಿದ್ದೆ, ಅತ್ತೆ ಹಿಟ್ಟು ಸೋಸುತ್ತಿದ್ದರು. ಚುಂಯ್ ಎಂದಿತು. ಹಾಲಿನ ಕಡೆ ನೋಡುವ ರೂಢಿಯೇ ನಮ್ಮಿಬ್ಬರಿಗೂ ತಪ್ಪಿಹೋಗಿತ್ತು.

“ಏ ಉರ್ಸವ್ವಾ, ಕಣ್ಣೆಲ್ಲಿ ಇಟ್ಟಿ?” ಎಂದರು ಅತ್ತೆ, ಖಾಲಿ ಬಾಗಿಲಿಗೆ.

ಒರೆಸಲು ನಾನು ಬಟ್ಟೆ ಎತ್ತಿಕೊಂಡರೆ ಕಸಿದುಕೊಂಡರು. ತಾವೇ ಕಟ್ಟೆ ಒರೆಸಿದರು, ಬಟ್ಟೆ ಹಿಂಡಿದರು. ಆಮೇಲೆ ನನ್ನ ಕಡೆ ನೋಡದೆ ಕಟ್ಟೆಯ ಮೇಲೆ ಒಂದು ಗುದ್ದು ಗುದ್ದಿದರು.