ಮೂವತ್ತೆರಡು ಹೆಜ್ಜೆಯ ಕಾಗದ

ಅಂಕಿತಾಳನ್ನು ನಾನು ಮೊದಲು ಕಂಡದ್ದು ಬೆಟಗೇರಿಯ ಅವರ ಮನೆಯಲ್ಲಿ. ಅಲ್ಲಿಯ ಶಾಲೆಗೆ ಹೊಸ ಮೇಷ್ಟ್ರಾಗಿ ಬಂದಿದ್ದ ನಾನು, ಏಳನೆಯ ತರಗತಿಯ ಹುಡುಗಿ ಎರಡು ದಿನ ಶಾಲೆಗೆ ಬಂದಿಲ್ಲವೆಂದು ವಿಚಾರಿಸಲು ಹೋಗಿದ್ದೆ. ಅವಳು ತಾಯಿ ಸಾವಂತ್ರೆವ್ವನ ಪಕ್ಕ ಮಗ್ಗದಲ್ಲಿ ಕುಳಿತು, ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚಿ ಜೋಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ನಡುವ ಬಿಟ್ಟು ಎಳಿ ಜಾರಿದ್ರ ಎಲ್ಲಾ ಮತ್ತ ಪೋಣಸಬೇಕಾಗತೈತ್ರಿ ಸರ. ಮುಗಿಸಿನ ಬರತೀನಿ.” ಮುಗಿಸಿಯೇ ಬಂದಳು.

ಮುಂದೆ ಕಂಪ್ಯೂಟರ್ ಓದಿ, ಗದಗಿನಲ್ಲಿ ಬೀಜದ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸು ಸೇರಿದಳು. ಅಲ್ಲಿ ಹೊಸಬರು ಯಾರೇ ಬರಲಿ, ತಮ್ಮ ಕಂಪ್ಯೂಟರಿನಲ್ಲಿ ಡೇಟಾಬೇಸನ್ನು ತಾವೇ ಹೂಡಬೇಕು. ಅದಕ್ಕೆ ಹಿರಿಯರಾದ ಪ್ರಭುಲಿಂಗ ಸರ್ ಬರೆದ ಮೂವತ್ತೆರಡು ಹೆಜ್ಜೆಯ ಕಾಗದವೊಂದು ಗೋಡೆಯ ಮೇಲಿತ್ತು. ಒಂದು ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿನಿಂದ. ಹೊಸದಾಗಿ ಸೇರಿದ ಕಾಂಚನಾ ಮೂರು ದಿನ ಅದರಲ್ಲೇ ಒದ್ದಾಡಿದಳು.

ಅಂಕಿತಾಳಿಗೆ ಸಹಿಸಲಾಗಲಿಲ್ಲ. ಡೇಟಾಬೇಸನ್ನು ಅದರ ಸರಂಜಾಮಿನ ಸಮೇತ ಒಂದೇ ಡಬ್ಬಿಯಲ್ಲಿ ಕಟ್ಟಿದಂತೆ ಓಡಿಸುವ ಕಂಟೇನರ್ ಎಂಬ ಉಪಾಯವಿದೆ. ಅದಕ್ಕೆ ಬೇಕಾದುದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟಳು. ಒಂದು ಸಾಲಿನ ಆಜ್ಞೆ ಕೊಟ್ಟರೆ ಡೇಟಾಬೇಸು ಎದ್ದು ನಿಲ್ಲುತ್ತಿತ್ತು. ಕಾಂಚನಾ ಅಂದೇ ಲಕ್ಷ್ಮೇಶ್ವರದ ಅಂಗಡಿಯೊಂದರ ಬೀಜಗಳ ಪಟ್ಟಿಯನ್ನು ತುಂಬಿದಳು. ಮರುದಿನ ಅಂಕಿತಾ ಆ ಕಂಟೇನರನ್ನು ತೆಗೆದು ಹೊಸದನ್ನು ಹೂಡಿದಾಗ, ಹಳೆಯದರೊಳಗೇ ಇದ್ದ ಪಟ್ಟಿ ಅದರ ಜೊತೆ ಇಡಿಯಾಗಿ ಮಾಯವಾಗಿತ್ತು.

ಪ್ರಭುಲಿಂಗ ಸರ್ ನಕ್ಕರು. “ಜಲ್ದಿ ಮಾಡಾಕ ಹೋದ್ರ ಹಿಂಗ ಆಗೂದು. ಇನ್ನ ನನ್ನ ಕಾಗದಾನ ಗತಿ. ಒಲ್ಲೆ ಅಂದ್ರ ಮನ್ಯಾಗ ಮಗ್ಗ ಐತೆಲ್ಲವಾ, ನೇಯ್ಕೋತ ಕುಂಡ್ರು.”

“ಮಗ್ಗದಾಗೂ ಯಾರೂ ಪ್ರತಿಸಲ ಮೊದಲಿಂದ ಎಳಿ ಪೋಣಸೂದಿಲ್ರಿ ಸರ. ತಪ್ಪು ನಂದು, ಖರೆ. ಆದ್ರ ಫೈಲ್ ಅಳಸೂದಿಲ್ಲ. ಸೋಮವಾರ ನೀವ ಬಂದು ಕಂಟೇನರ್ ತಗೀರಿ. ಪಟ್ಟಿ ಹೋತಂದ್ರ ನಾನೂ ಹೋಗತೀನಿ.”

ಆ ಸಂಜೆ ಸಾವಂತ್ರೆವ್ವ ಮುಗಿದ ಸೀರೆಯನ್ನು ಮಗ್ಗದಿಂದ ಕೊಯ್ಯುತ್ತಿದ್ದಳು. ಸೀರೆ ಕೈಗೆ ಬಂತು. ಬಾಚಣಿಗೆಯಂಥ ಹಣಿಗೆಯಲ್ಲಿ ಪೋಣಿಸಿದ ಎಳೆಗಳು, ಮುಂದಿನ ಹಾಸನ್ನು ಕೆಚ್ಚಲೆಂದು, ಗೇಣುದ್ದ ಅಲ್ಲೇ ಉಳಿದವು. ಅಂಕಿತಾ ನೋಡುತ್ತ ನಿಂತಳು. ಹೀಗೆಯೇ ಕಂಟೇನರ್ ಹೋದರೂ ಮಾಹಿತಿ ಉಳಿಯಬೇಕಾದರೆ ಅದನ್ನು ಹೊರಗೆ ಬೇರೆ ಜಾಗದಲ್ಲಿಟ್ಟು ಜೋಡಿಸಬೇಕು. ಫೈಲಿಗೆ ಎರಡೇ ಸಾಲು ಸೇರಿಸಿದಳು. ಕಾಂಚನಾ ಬೈದುಕೊಳ್ಳುತ್ತ ಪಟ್ಟಿಯನ್ನು ಮತ್ತೆ ತುಂಬಿದಳು.

ಸೋಮವಾರ ಪ್ರಭುಲಿಂಗ ಸರ್ ಕಂಟೇನರನ್ನು ಮೂರು ಸಲ ಕಿತ್ತು ಹಾಕಿದರು. ಮೂರು ಸಲವೂ ಒಂದೇ ಸಾಲಿಗೆ ಅದು ಎದ್ದಿತು, ಪಟ್ಟಿಯ ಒಂದು ಬೀಜವೂ ಕದಲಿರಲಿಲ್ಲ. ಅವರು ಎದ್ದು ಚಹಾಕ್ಕೆ ಹೋದರು.

ಕಾಗದವನ್ನು ಅವರು ಇಂದಿಗೂ ಗೋಡೆಯಿಂದ ತೆಗೆದಿಲ್ಲ. ಹೊಸಬರು ಬಂದರೆ ಅದರತ್ತಲೇ ಬೆರಳು ಮಾಡುತ್ತಾರೆ. ಅಂಕಿತಾ ಕಾಗದಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿಸುತ್ತಾಳೆ. ಈ ವಾರ ಮುಂಡರಗಿಯಿಂದ ಬಂದು ಸೇರಿದ ಕೊಟ್ರೇಶನಿಗೆ ಅವಳು ಫೈಲು ತೆರೆದು, ಎಲ್ಲಕ್ಕಿಂತ ಮೊದಲು ಆ ಎರಡು ಸಾಲುಗಳನ್ನು ತೋರಿಸುತ್ತಿದ್ದಾಳೆ.