ಟ್ರ್ಯಾಕ್ಟರು ಹೊಳ್ಳುವ ಮೂಲೆ

ನಾನು ಸಭೆಗಳಿಗೆ ಹೋಗುವುದು ಊಟಕ್ಕೆ. ನಿವೃತ್ತ ಶಿಕ್ಷಕಿಯೊಬ್ಬಳು ಮುಂದಿನ ಸಾಲಿನಲ್ಲಿ ಕೂತರೆ ಸಭೆಗೆ ಮರ್ಯಾದೆ ಎಂದು ಯಾರೋ ತಿಳಿದಿದ್ದಾರೆ; ಆ ತಿಳಿವಳಿಕೆಯನ್ನು ಕೆಡಿಸುವ ಗೋಜಿಗೆ ನಾನೂ ಹೋಗಿಲ್ಲ. ಹೋದ ವಾರ ಹುಬ್ಬಳ್ಳಿಯಲ್ಲಿ ಅಂಥದೊಂದು ಸಭೆಯಿತ್ತು. ಶಹರದ ಜನಕ್ಕೆ ಹಾಲು, ಕಾಳುಕಡಿ, ಕಾಯಿಪಲ್ಯ ಇನ್ನು ಮುಂದೆ ಎಲ್ಲಿಂದ ಬರಬೇಕು, ಹೇಗೆ ಬರಬೇಕು ಎಂಬ ಯೋಜನೆ. ಗೋಡೆಗೆ ದೊಡ್ಡ ನಕಾಶೆ ಹಚ್ಚಿದ್ದರು. ನಡುವೆ ಹುಬ್ಬಳ್ಳಿ, ಸುತ್ತಲೂ ಒಂದರ ಹೊರಗೊಂದು ಬಣ್ಣದ ವರ್ತುಲಗಳು. ಚುರುಕಾದ ಹುಡುಗಿಯೊಬ್ಬಳು ಕೋಲು ಹಿಡಿದು ವಿವರಿಸುತ್ತಿದ್ದಳು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಪುಂಡಿಪಲ್ಯ ಕುದಿಯುವ ಹುಳಿವಾಸನೆ ಬಂತು, ಅದರ ಬೆನ್ನಿಗೇ ಬೆಳ್ಳುಳ್ಳಿ ಒಗ್ಗರಣೆಯದು. ಅಲ್ಲಿಂದ ಮುಂದೆ ಆ ಹುಡುಗಿ ಏನು ಹೇಳಿದಳೋ ನನಗೆ ಗೊತ್ತಿಲ್ಲ. ತೀರಿಹೋಗಿ ಎಷ್ಟೋ ವರ್ಷವಾದ ನೀಲವ್ವತ್ತಿ ಬಂದು ನನ್ನ ಬಾಜೂ ಕೂತಿದ್ದಳು.

ನೀಲವ್ವ ನಮ್ಮ ಅಪ್ಪನ ಅಕ್ಕ. ಗಂಡ ತೀರಿಹೋದ ಮೇಲೆ ಮಕ್ಕಳಿಲ್ಲದ ಅವಳು ಅಣ್ಣಿಗೇರಿಯ ನಮ್ಮ ಮನೆಗೇ ಬಂದು ನಿಂತಳು. ಬಂದಾಗ ಅವಳ ಕೈಯಲ್ಲಿ ಒಂದು ಟ್ರಂಕು, ಒಂದು ಬುಟ್ಟಿ. ಟ್ರಂಕನ್ನು ಅಟ್ಟಕ್ಕೇರಿಸಿದಳು. ಬುಟ್ಟಿ ಮಾತ್ರ ಒಂದು ದಿನವೂ ಖಾಲಿ ಕೂತದ್ದನ್ನು ನಾನು ಕಂಡಿಲ್ಲ.

ನಮ್ಮ ಕಡೆ ಅಕ್ಕಡಿ ಎಂದೊಂದು ಪದ್ಧತಿ ಇತ್ತು. ಜೋಳವನ್ನೋ ಹತ್ತಿಯನ್ನೋ ಬಿತ್ತುವಾಗ ಕೆಲವು ಸಾಲು ಬಿಟ್ಟು ಒಂದು ಸಾಲಿಗೆ ಬೇರೆ ಬೀಜ ಬೀಳಬೇಕು: ಪುಂಡಿ, ಅಲಸಂದಿ, ಸೌತಿ, ಅಡಿಗೆಮನೆಗೆ ಬೇಕಾದ ಏನಾದರೂ. ಎತ್ತಿನ ಕೂರಿಗೆಯ ಹಿಂದೆ ಬಿದಿರಿನ ಕೊಳವೆ ಕಟ್ಟಿರುತ್ತಿದ್ದರು. ಮನೆಯ ಹೆಂಗಸು ಉಡಿಯಲ್ಲಿ ಬೀಜ ತುಂಬಿಕೊಂಡು, ಆ ಕೊಳವೆಗೆ ಬಿಡುತ್ತ ಹಿಂದೆ ಹಿಂದೆ ನಡೆಯುವಳು. ಹೊಲ ಗಂಡಸರದು, ಅಕ್ಕಡಿ ಸಾಲು ಹೆಂಗಸರದು. ಅದರಲ್ಲಿ ಬಂದದ್ದನ್ನು ಅವರು ಅಟ್ಟರೋ, ಹಂಚಿದರೋ, ಮಾರಿದರೋ, ಗಂಡಸು ಕೇಳುವಂತಿಲ್ಲ. ಕೇಳಿದರೆ ಓಣಿಯಲ್ಲಿ ತಲೆ ಎತ್ತಿ ತಿರುಗುವಂತಿಲ್ಲ.

ಅವ್ವ ತನ್ನ ಅಕ್ಕಡಿಯನ್ನು ಪೂರಾ ನೀಲವ್ವತ್ತಿಗೆ ಬಿಟ್ಟುಕೊಟ್ಟಳು. ಅದು ಔದಾರ್ಯವೋ, ಬಿಸಿಲಿಗೆ ಬೇಸತ್ತದ್ದೋ ನಾನು ವಿಚಾರಿಸಲಿಲ್ಲ. ಅತ್ತಿ ಸಂಜೆ ಪಲ್ಯ ಕಿತ್ತು, ಒದ್ದೆ ಅರಿವೆ ಹೊದಿಸಿ, ಬೆಳಗಿನ ಪ್ಯಾಸೆಂಜರಿಗೆ ಹುಬ್ಬಳ್ಳಿಗೆ ಒಯ್ಯುವಳು. ಕಾಲೇಜಿಗೆ ಹೋಗಲು ನನಗೂ ಅದೇ ಗಾಡಿ. ಆ ವಯಸ್ಸಿನಲ್ಲಿ ನನಗೆ ಮುಖಕ್ಕೆ ಪೌಡರು, ಎದೆಗೆ ಅವಚಿದ ಪುಸ್ತಕ, ಇಂಗ್ಲಿಷ್ ಬಂದೇಬಿಟ್ಟಿತೆಂಬ ಭ್ರಮೆ. ಗೆಳತಿಯರ ಜೊತೆ ಕಿಟಕಿಗೆ ಕೂತಿರುವಾಗ ಡಬ್ಬಿಯ ಆ ತುದಿಯಿಂದ ಅತ್ತಿ ಕೂಗುವಳು: “ಲೇ ಹುಡುಗಿ, ಇದನ್ನೊಂದಿಷ್ಟ ಹಿಡಿ ಬಾ ಬೇ.” ಪೌಡರಿನ ವಾಸನೆಯ ಮೇಲೆ ಮೆಂತ್ಯದ ವಾಸನೆ ಯಾವತ್ತೂ ಗೆಲ್ಲುತ್ತಿತ್ತು.

ಹುಬ್ಬಳ್ಳಿಯಲ್ಲಿ ಅವಳು ಸಂತೆಯಲ್ಲಿ ಕೂತವಳಲ್ಲ. ಸ್ಟೇಷನ್ನಿನ ಹಿಂದಿನ ಓಣಿಗಳಲ್ಲಿ ಅವಳ ಮನೆಗಳಿದ್ದವು. ಅವಳ ಮನೆಗಳು ಎಂದೇ ಹೇಳುತ್ತಿದ್ದಳು. ಒಂದು ಮನೆಯ ಬಾಣಂತಿಗೆ ಸಬ್ಬಸಗಿ, ಇನ್ನೊಂದು ಮನೆಯ ಅಜ್ಜನಿಗೆ ಎಳೆ ಕುಸುಬಿಪಲ್ಯ. ರಜೆಯಲ್ಲಿ ಒಮ್ಮೆ ಅವಳ ಹಿಂದೆ ಬುಟ್ಟಿ ಹೊತ್ತು ತಿರುಗಿದೆ. ಬಾಗಿಲು ತೆರೆದ ಹೆಂಗಸೊಬ್ಬಳು, “ನೀ ಬರೂದು ತಡಾ ಆತು, ಒಲಿ ಹಚ್ಚಿ ಕುಂತೇನಿ ನೋಡು” ಎಂದು ಮುನಿಸಿಕೊಂಡಳು. ಅತ್ತಿಗೆ ಆ ಮುನಿಸು ಬಹಳ ಸೇರಿತು. ಇಡೀ ದಾರಿ ನಗುತ್ತ ಬಂದಳು. ತನಗಾಗಿ ಯಾರೋ ಒಲೆ ಹಚ್ಚಿ ಕಾಯುತ್ತಾರೆ ಎಂಬುದು, ತಮ್ಮನ ಮನೆಯಲ್ಲಿ ಉಣ್ಣುವವಳಿಗೆ ಏನೆಂಬುದು ಆಗ ನನಗೆ ತಿಳಿಯಲಿಲ್ಲ. ಮನೆಯ ಚಹಾಪುಡಿ ಅವಳೇ ತರುವಳು. ಯಮನೂರಿನ ದರ್ಗಾಕ್ಕೆ ಹೋದಾಗ ಓದಿಸುವ ಸಕ್ಕರೆಯನ್ನು ತನ್ನ ಗಂಟಿನಿಂದಲೇ ಕೊಳ್ಳುವಳು.

ಒಂದು ವರ್ಷ ಅಪ್ಪ ಎತ್ತು ಮಾರಿದ. ಬಿತ್ತನೆಗೆ ಬಾಡಿಗೆಯ ಟ್ರ್ಯಾಕ್ಟರು ಹೇಳಿಬಂದ. ರಾತ್ರಿಯ ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದ: “ಅಕ್ಕಾ, ಟ್ರ್ಯಾಕ್ಟರ್ ಕೂರಿಗಿಗೆ ಅಕ್ಕಡಿ ಹಾಕಾಕ ಬರೂದಿಲ್ಲ. ನಿನಗೇನ ಬೇಕೋ ಕೇಳು, ನಾ ಕೊಡತೇನಿ.”

ಅತ್ತಿ ಖಾಲಿ ತಾಟು ಎತ್ತಿಕೊಂಡು ಎದ್ದಳು. ಪಾತ್ರೆ ತಿಕ್ಕುವಾಗ ನನ್ನೆದುರು ಮಾತ್ರ ಅಂದಳು: “ತಮ್ಮನ ಮನ್ಯಾಗ ಉಣ್ಣೂದು ಬ್ಯಾರೆ, ಕೇಳಿ ಉಣ್ಣೂದು ಬ್ಯಾರೆ.” ಆ ಮಾತು ಕೇಳಿ ನನಗೆ ಬಹಳ ಹೆದರಿಕೆಯಾಯಿತು. ಅವಳು ಟ್ರಂಕು ಇಳಿಸಿಬಿಟ್ಟಾಳು ಎಂದು ಬೆಳಗ್ಗೆ ಎದ್ದವಳೇ ಅಟ್ಟ ನೋಡಿದೆ.

ಟ್ರಂಕು ಅಲ್ಲೇ ಇತ್ತು. ಅತ್ತಿ ಇರಲಿಲ್ಲ. ಅಪ್ಪ ಬೀಜಕ್ಕೆಂದು ಪೇಟೆಗೆ ಹೋಗಿದ್ದ. ಅವನಿಗಿಂತ ಮೊದಲೇ ಅತ್ತಿ ನವಲಗುಂದದ ದಾರಿಯಲ್ಲಿದ್ದ ನಮ್ಮ ಹೊಲಕ್ಕೆ ಹೋಗಿ, ನೆಲ ಹರಗುತ್ತಿದ್ದ ಟ್ರ್ಯಾಕ್ಟರನ್ನು ಬದುವಿನ ಮೇಲೆ ಕೂತು ನೋಡಿದ್ದಳು. ಎತ್ತು ನಿಂತಲ್ಲೇ ಹೊಳ್ಳುತ್ತದೆ, ಹೊಲದ ಮೂಲೆಮೂಲೆಗೂ ಕೂರಿಗೆ ಮುಟ್ಟುತ್ತದೆ. ಟ್ರ್ಯಾಕ್ಟರಿಗೆ ಹೊಳ್ಳಲು ಜಾಗ ಬೇಕು. ಅದು ದುಂಡಗೆ ತಿರುಗಿ ಹೋದಾಗ ಪ್ರತಿ ಮೂಲೆಯಲ್ಲೂ ಒಂದಿಷ್ಟು ನೆಲ ಹಾಗೇ ಉಳಿಯಿತು.

ಮಧ್ಯಾಹ್ನ ಡ್ರೈವರ್ ಖಾದರನಿಗೆ ಬುತ್ತಿ ಒಯ್ದಳು. ನಾನೂ ಹೋಗಿದ್ದೆ. ಬಿಸಿ ರೊಟ್ಟಿ, ಅದರ ಮೇಲೆ ಅಂಗೈ ತುಂಬ ಬೆಣ್ಣೆ. ನಮಗೆ ಹಬ್ಬದಲ್ಲೂ ಅಷ್ಟು ಹಾಕಿದವಳಲ್ಲ.

“ಖಾದರಾ, ನನ್ನಪ್ಪಾ, ಬಿತ್ತೂ ಮುಂದ ಮೂಲ್ಯಾಗ ಅಷ್ಟ ಜುಲುಮಿಲೆ ಯಾಕ ಹೊಳ್ಳಸತಿ? ಗಾಡಿ ಮುರದೀತು. ಸಾವಕಾಶ, ಅಗಲಾಗಿ ಹೊಳ್ಳಸು.”

“ಭೂಮಿ ಹಾಳ ಬೀಳತೈತಲ್ರಿ ಯವ್ವಾ. ಸಾವಕಾರ್ರು ಬೈತಾರ್ರಿ.”

“ಹಾಳ ಬೀಳಾಕ ನಾ ಬಿಡತೇನೇನು? ಇನ್ನೊಂದ ರೊಟ್ಟಿ ಹಾಕಲಿ?”

ಖಾದರ ಆಕೆಯ ಮುಖ ನೋಡಿದ, ಬೆಣ್ಣೆ ನೋಡಿದ. ಬಿತ್ತನೆಯ ದಿನ ಅವನು ಟ್ರ್ಯಾಕ್ಟರನ್ನು ಎಷ್ಟು ಅಗಲವಾಗಿ ಹೊಳ್ಳಿಸಿದನೆಂದರೆ, ಒಂದು ಮೂಲೆಯಲ್ಲಿ ಮದುವೆಯ ಹಂದರ ಹಾಕಬಹುದಿತ್ತು. ಅತ್ತಿ ಕುರ್ಚಿಗಿ ಹಿಡಿದು ಕೂತು, ನೆಲ ಕೆದರಿ, ಎಲ್ಲ ಮೂಲೆಗಳಿಗೂ ಪುಂಡಿ, ಮೆಂತ್ಯ, ರಾಜಗಿರಿ ಚೆಲ್ಲಿ ಬಂದಳು.

ಬೆಳೆ ಎದ್ದ ಮೇಲೆ ಅಪ್ಪ ಹೊಲ ಸುತ್ತಿ ಬಂದ. ಅತ್ತಿ ಒಲೆಯ ಮುಂದಿನಿಂದ ಏಳಲಿಲ್ಲ. ನಾನು ಪುಸ್ತಕದ ಮರೆಯಿಂದ ಅಪ್ಪನನ್ನೇ ನೋಡುತ್ತಿದ್ದೆ. ಅಪ್ಪ ಕೈಕಾಲು ತೊಳೆದ, ಚಹಾ ಕುಡಿದ. “ಆ ಖಾದರಗ ಗಾಡಿ ಹೊಳ್ಳಸಾಕ ಬರೂದಿಲ್ಲ” ಅಂದ. ಅತ್ತಿ, “ಹೊಸಾ ಹುಡುಗ, ಕಲೀತಾನ ತಗೋ” ಅಂದಳು. ಮಾತು ಅಲ್ಲಿಗೆ ಮುಗಿಯಿತು. ಬುಟ್ಟಿ ಮತ್ತೆ ಗಾಡಿ ಹತ್ತಿತು.

ಮುಂದಿನ ವರ್ಷ ಅಪ್ಪ ತಾನೇ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತ. ಅತ್ತಿ ಬುತ್ತಿ ಹಿಡಿದು ಬದುವಿನಲ್ಲೇ ನಿಂತುಬಿಟ್ಟಳು. ಹತ್ತಿರ ಹೋಗುವ ಧೈರ್ಯ ಸಾಲಲಿಲ್ಲ. ಮೊದಲ ಮೂಲೆ ಬಂತು. ಅಪ್ಪ ಖಾದರನ ಹೆಗಲ ಮೇಲೆ ಕೈಯಿಟ್ಟು ಕೂಗಿದ್ದು ನಮಗೂ ಕೇಳಿಸಿತು: “ಇಲ್ಲಲೇ, ಇನ್ನೂ ಈಚಿಗೆ. ಹೋದ ವರ್ಷ ಹೊಳ್ಳಸಿದ್ದಿಯಲ್ಲ, ಹಂಗ ಹೊಳ್ಳಸು.” ಅತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲು ಬಹಳ ಎಂದಳು. ಅಕ್ಕ ತಮ್ಮ ಸಾಯುವ ತನಕ ಈ ವಿಷಯ ಮಾತಾಡಲಿಲ್ಲ. ಆದರೆ ನಮ್ಮ ಹೊಲದ ಮೂಲೆಗಳು ವರ್ಷದಿಂದ ವರ್ಷಕ್ಕೆ ತುಸು ತುಸು ಬೆಳೆದವು.

ಸಭೆಯಲ್ಲಿ ಚಪ್ಪಾಳೆ ಬಿತ್ತು. ಊಟಕ್ಕೆ ಕರೆದರು. ಎಲ್ಲರೂ ತಾಟು ಹಿಡಿಯಲು ಎದ್ದರು. ನನ್ನ ಕಾಲು ಮಾತ್ರ ಅಭ್ಯಾಸ ಮರೆತು ನಕಾಶೆಯ ಕಡೆ ನಡೆಯಿತು. ಕನ್ನಡಕ ಏರಿಸಿ ಅಣ್ಣಿಗೇರಿಯನ್ನು ಹುಡುಕಿದೆ. ವರ್ತುಲಗಳು ಎಷ್ಟು ದೊಡ್ಡವಾದರೂ ದುಂಡಗೆ ತಾನೆ? ಹಾಳೆ ಚೌಕ. ಎಲ್ಲ ಬಣ್ಣಗಳೂ ಮುಗಿದ ಮೇಲೆ ನಕಾಶೆಯ ಮೂಲೆಗಳು ಬೆಳ್ಳಗೆ ಉಳಿದಿದ್ದವು. ಬಲಗಡೆಯ ಮೇಲಿನ ಮೂಲೆಯಲ್ಲಿ ನವಲಗುಂದದ ದಾರಿ ಸಣ್ಣ ಗೆರೆಯಾಗಿ ಹೋಗಿತ್ತು. ನಾನು ಅಲ್ಲಿ ಬೆರಳಿಟ್ಟೆ.

“ಇಲ್ಲಿ ಏನ ಬರತೈತಿ ತಂಗಿ?”

ಹುಡುಗಿ ಕೋಲು ಎತ್ತಿಡುತ್ತಿದ್ದವಳು ತಿರುಗಿ ನೋಡಿದಳು. “ಅದು ಯೋಜನೆ ಹೊರಗ ಬಂತ್ರಿ ಮೇಡಂ. ಖಾಲಿ ಜಾಗಾ.”

“ಖಾಲಿ ಇಲ್ಲವ್ವಾ,” ಅಂದೆ. “ಅದು ನಮ್ಮತ್ತಿದು.”