ಬೆಳಗಿನ ತನಕ ಓಡಿದ ಮೀಟರು

ನನ್ನ ಕಸುಬು ಕರೆಂಟಿನದು. ತಂತಿ ಮುಟ್ಟಿದರೆ ಹೊಡೆಯುತ್ತದೆ, ಮುಟ್ಟದಿದ್ದರೆ ಇಲ್ಲ. ಇಷ್ಟು ನೇರವಾದ ದಂಧೆಯಲ್ಲಿ ದೆವ್ವಕ್ಕೆ ಜಾಗವೆಲ್ಲಿ? ಯಾರಾದರೂ ಇಂಥ ಕಥೆ ಶುರು ಮಾಡಿದರೆ "ಎಷ್ಟು ಕುಡದಿದ್ದಿಯೋ?" ಎಂದು ಕೇಳಿ ಬಾಯಿ ಮುಚ್ಚಿಸುವುದು ನನ್ನ ಚಾಳಿ. ಈಗ ನೀವು ನನ್ನನ್ನೇ ಹಾಗೆ ಕೇಳಬಹುದು. ಕುಡಿದಿರಲಿಲ್ಲ. ನಿದ್ದೆಗಣ್ಣಲ್ಲಿ ಇರಲಿಲ್ಲ. ಜೊತೆಗೆ ಇನ್ನೊಬ್ಬರಿದ್ದರು. ನಾನು ಕಂಡದ್ದನ್ನೇ ಅವರೂ ಕಂಡರು, ನಾನು ಕೇಳಿದ್ದನ್ನೇ ಅವರೂ ಕೇಳಿದರು...

ನನ್ನ ಹೆಸರು ರೇವಣಸಿದ್ದ, ಮನೆಯವರಿಗೆ ಸಿದ್ದು. ಕಲಬುರಗಿಯ ಕೋಟನೂರಿನಲ್ಲಿ ಚಿಕ್ಕದೊಂದು ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹುಟ್ಟಿದ ಊರು ಕಮಲಾಪುರ. ಅಪ್ಪ ಅವ್ವ ಹೋದ ಮೇಲೆ ಅಲ್ಲಿ ಮನೆ ಅಂತ ಉಳಿದಿಲ್ಲ. ಊರಾಚೆ ಇರುವ ಕೆಂಪು ಬಾಳೆಯ ತೋಟವೊಂದೇ ನಮ್ಮದು.

ನನಗಿದ್ದವಳು ಒಬ್ಬಳೇ ಅಕ್ಕ, ಕಸ್ತೂರಿ. ಅವಳ ಗಂಡ ಶರಣಪ್ಪನವರನ್ನು ನಾನು ಮಾಮಾ ಎನ್ನುತ್ತೇನೆ. ಅವರು ಪಿಕಪ್ ಗಾಡಿಯಲ್ಲಿ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಅಂಗಡಿಗಳಿಗೆ ಸಾಮಾನು ಸಾಗಿಸುತ್ತಿದ್ದರು. ಮಕ್ಕಳಿಲ್ಲ. ಒಬ್ಬರಿಗೊಬ್ಬರು ಅಂತ ಇದ್ದವರು.

ಅಕ್ಕನಿಗೆ ಶ್ವಾಸಕೋಶದ ಕಾಯಿಲೆ ಅಂಟಿಕೊಂಡಿತು. ಹಗಲು ಹೇಗೋ ಓಡಾಡಿಕೊಂಡು ಇರುತ್ತಿದ್ದಳು. ರಾತ್ರಿ ಮಲಗಬೇಕೆಂದರೆ ಮಾತ್ರ ಆಕ್ಸಿಜನ್ ಮಷೀನ್ ಬೇಕೇ ಬೇಕು. ಮಂಚದ ಪಕ್ಕದಲ್ಲಿ ಅದು ರಾತ್ರಿಯಿಡೀ ಘುರ್ರ್... ಫುಸ್ಸ್... ಘುರ್ರ್... ಫುಸ್ಸ್... ಎನ್ನುತ್ತಿತ್ತು. ಆ ಸದ್ದಿಗೆ ಮಾಮಾ ಎಷ್ಟು ಒಗ್ಗಿಹೋಗಿದ್ದರೆಂದರೆ, ಅದು ನಿಂತರೆ ಅವರಿಗೆ ಎಚ್ಚರವಾಗುತ್ತಿತ್ತು.

ನಾಲ್ಕು ಗೋಡೆಯ ನಡುವೆ ಅಕ್ಕ ಬಾಡುವುದನ್ನು ನೋಡಲಾರದೆ ಮಾಮಾ ತಮ್ಮ ಪಿಕಪ್ಪಿನ ಹಿಂಭಾಗಕ್ಕೆ ತಗಡು, ಪ್ಲೈವುಡ್ ಹಾಕಿಸಿ ಪುಟ್ಟ ಕೋಣೆ ಕಟ್ಟಿಸಿದರು. ಅದರೊಳಗೆ ಒಂದು ಮಂಚ, ಫ್ಯಾನು, ಲೈಟು, ಚಿಕ್ಕ ಫ್ರಿಜ್ಜು, ಒಂದು ಕಿಟಕಿ. ವೈರಿಂಗ್ ಪೂರಾ ನನ್ನದೇ. ಹುಮನಾಬಾದ್ ರಸ್ತೆ ಹಿಡಿದು ಅವಳನ್ನು ಕಮಲಾಪುರದ ತೋಟಕ್ಕೆ ಕರೆದೊಯ್ಯುತ್ತಿದ್ದರು. ಅಕ್ಕ ಬಾಳೆಗಿಡಗಳ ನಡುವೆ ಕುರ್ಚಿ ಹಾಕಿಸಿಕೊಂಡು ಹೊತ್ತು ಮುಳುಗುವ ತನಕ ಕೂರುತ್ತಿದ್ದಳು.

ಹೊತ್ತು ಮುಳುಗಿತೋ, ವಾಪಸ್ಸು. ಗಾಡಿಯಲ್ಲಿದ್ದದ್ದು ಹಳೆಯ ಆಸಿಡ್ ಬ್ಯಾಟರಿಗಳು. ಮಷೀನ್ ಹಚ್ಚಿದರೆ ನಡುರಾತ್ರಿಗೆ ಕೈ ಎತ್ತುತ್ತಿದ್ದವು. ತೋಟದ ಪಂಪಿನ ಕರೆಂಟು ಬರುವುದು ಹೋಗುವುದು ಅದರ ಮರ್ಜಿ. ಚಿಕ್ಕವರಿದ್ದಾಗ ಅಪ್ಪನ ಜೊತೆ ಬಾಳೆ ಕಾಯುತ್ತಾ ನಾವಿಬ್ಬರೂ ಅಲ್ಲೇ ಮಲಗುತ್ತಿದ್ದೆವು. ಅಕ್ಕನಿಗೆ ಅದು ಮತ್ತೆ ಬೇಕಾಗಿತ್ತು.

"ಸಿದ್ದು, ಮುಂಜಾನಿ ತನಕ ಬರೋ ಬ್ಯಾಟರಿ ಯಾವುದಾದರೂ ಅದ ಏನೋ?" ಎಂದು ಒಂದು ದಿನ ಕೇಳಿದಳು. "ಒಂದೇ ಒಂದು ರಾತ್ರಿ ತವರಾಗ ಮಲಗಬೇಕು ನೋಡು. ಮತ್ತೇನೂ ಬ್ಯಾಡ ನನಗ."

"ಲಿಥಿಯಂ ಹಾಕ್ತೀನಿ ತಗೋ ಅಕ್ಕ. ಹೊತ್ತೇರಿ ಎದ್ರೂ ಮುಗಿಯಂಗಿಲ್ಲ," ಎಂದೆ. ಆರ್ಡರ್ ಹಾಕಿದೆ.

ಬ್ಯಾಟರಿ ಬರುವ ಮೊದಲೇ ಅಕ್ಕ ಹೋದಳು. ಸಂಜೆ ಚಹಾ ಕುಡಿದಳು, ಮಾತಾಡಿದಳು, ಮಾತಿನ ನಡುವೆಯೇ ನಿಂತುಹೋದಳು. ಮಾಮಾ ಅಳಲಿಲ್ಲ. ಮಣ್ಣು ಮುಗಿಸಿ ಬಂದವರು ಆ ಮಷೀನನ್ನು ಇನ್ನೊಬ್ಬ ರೋಗಿಯ ಮನೆಗೆ ಕೊಟ್ಟು ಕಳಿಸಿದರು. ಅಂದಿನಿಂದ ಅವರಿಗೆ ನಿದ್ದೆಯಿಲ್ಲ. ಮನೆಯಲ್ಲಿ ಆ ಸದ್ದಿಲ್ಲದೆ ಕಣ್ಣು ಮುಚ್ಚುವುದಿಲ್ಲ ಎನ್ನುತ್ತಿದ್ದರು.

ಬ್ಯಾಟರಿ ಬಂದಾಗ ವಾಪಸ್ಸು ಕಳಿಸೋಣವೆಂದು ನಾನಂದೆ. ಮಾಮಾ ಗಾಡಿಯನ್ನು ಅಂಗಡಿ ಮುಂದೆ ತಂದು ನಿಲ್ಲಿಸಿದರು.

"ಹಾಕು," ಎಂದರು.

"ಇನ್ನ ಯಾರಿಗೆ ಮಾಮಾ?"

"ಆಕಿ ಹೇಳ್ಯಾಳ. ಹಾಕು ನೀ."

ಹಾಕಿದೆ. ಹಳೆಯ ಬ್ಯಾಟರಿಗಳನ್ನು ಇಳಿಸಿ, ದಪ್ಪ ತಂತಿ ಎಳೆದು, ಇಂಜಿನ್ನಿನಿಂದ ಚಾರ್ಜ್ ಆಗಲಿಕ್ಕೆ ಬೇರೆ ಚಾರ್ಜರ್ ಕೂರಿಸಿದೆ. ಕೊನೆಗೊಂದು ಮೀಟರು ಹಚ್ಚಿದೆ. ಬ್ಯಾಟರಿಯಿಂದ ಎಷ್ಟು ಕರೆಂಟು ಹೊರಗೆ ಹೋಗುತ್ತಿದೆ, ಎಷ್ಟು ಉಳಿದಿದೆ ಎಂದು ಅದು ತೋರಿಸುತ್ತದೆ. ಹಳೆಯ ಬ್ಯಾಟರಿ ಮುಗಿಯುವ ಮುಂಚೆ ಲೈಟು ಮಂಕಾಗಿ ಸೂಚನೆ ಕೊಡುತ್ತಿತ್ತು. ಲಿಥಿಯಂ ಹಾಗಲ್ಲ, ಕೊನೆಯ ತನಕ ಝಗಮಗ ಉರಿದು ಒಮ್ಮೆಗೇ ನಿಲ್ಲುತ್ತದೆ. ಅದಕ್ಕೇ ಮೀಟರಿನ ಮೇಲೆ ಕಣ್ಣಿಡಬೇಕೆಂದು ಮಾಮಾಗೆ ತಿಳಿಸಿ ಹೇಳಿದೆ. ಅವರು ಕೇಳಿಸಿಕೊಂಡು, "ನಿಮ್ಮ ಅಕ್ಕನಂಗ," ಎಂದರು. ನಾನು ಸ್ಪ್ಯಾನರ್ ಹುಡುಕುವ ನೆಪ ಮಾಡಿ ಒಳಗೆ ಹೋದೆ.

ಹೊಸ ಬ್ಯಾಟರಿ ಕೂರಿಸಿದ ಮೇಲೆ ಒಂದು ರಾತ್ರಿ ಇಟ್ಟು ನೋಡುವುದು ನಮ್ಮ ಪದ್ಧತಿ. ಅದನ್ನು ಕಮಲಾಪುರದ ತೋಟದಲ್ಲೇ ನೋಡೋಣ ಎಂದರು ಮಾಮಾ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಚಳಿಗಾಲದ ರಾತ್ರಿ. ತೋಟದಲ್ಲಿ ಬಾವಿಯ ಪಕ್ಕಕ್ಕೆ ಗಾಡಿ ನಿಲ್ಲಿಸಿದೆವು. ನೀರು ಬಿಟ್ಟ ಮಣ್ಣಿನ ವಾಸನೆ, ಮಾಗುತ್ತಿದ್ದ ಗೊನೆಯ ವಾಸನೆ. ಗಾಳಿ ಬೀಸಿದಾಗಲೆಲ್ಲ ಒಣಗಿದ ಬಾಳೆ ಎಲೆ ಚರಪರ ಎನ್ನುತ್ತಿತ್ತು. ಕಟ್ಟಿಕೊಂಡು ಬಂದಿದ್ದ ರೊಟ್ಟಿ ಉಂಡೆವು. ಮಂಚದ ಮೇಲೆ ಅಕ್ಕನ ಹಸಿರು ಶಾಲು ಮಡಚಿಟ್ಟಂತೆಯೇ ಇತ್ತು. ಮಾಮಾ ಮಂಚದ ಅಂಚಿಗೆ ಸರಿದು, ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಒರಗಿದರು. ನಾನು ಕೆಳಗೆ ಚಾಪೆ ಹಾಸಿದೆ. ಫ್ಯಾನಿನ ಅಗತ್ಯವಿರಲಿಲ್ಲ, ಫ್ರಿಜ್ಜು ಖಾಲಿ. ಎಲ್ಲ ಬಂದ್ ಮಾಡಿ ಮೀಟರು ನೋಡಿದೆ. ಸೊನ್ನೆ. ಬ್ಯಾಟರಿ ನೂರಕ್ಕೆ ನೂರು.

ಒಂದು ಜೊಂಪು ಹತ್ತಿತ್ತು ಅನಿಸುತ್ತದೆ. ಮೂಗಿಗೆ ನೀಲಗಿರಿ ಎಣ್ಣೆಯ ವಾಸನೆ ಬಡಿದು ಎಚ್ಚರವಾಯಿತು...

ಅಕ್ಕ ಮಲಗುವ ಮುಂಚೆ ಎದೆಗೆ ಹಚ್ಚಿಕೊಳ್ಳುತ್ತಿದ್ದದ್ದು ಅದನ್ನೇ. ಶಾಲಿನಿಂದ ಬರುತ್ತಿರಬೇಕು ಎಂದು ಮಗ್ಗುಲಾದೆ. ಎದುರಿಗೇ ಮೀಟರು. ಅದರ ಅಂಕಿ ಸೊನ್ನೆ ಇರಲಿಲ್ಲ.

ಕರೆಂಟು ಹೋಗುತ್ತಿತ್ತು. ಸಣ್ಣದಲ್ಲ. ಅಂಕಿ ಏರಿತು, ಇಳಿಯಿತು... ಏರಿತು, ಇಳಿಯಿತು... ಲೈಟು ಫ್ಯಾನು ಹಾಗೆ ಎಳೆಯುವುದಿಲ್ಲ. ಹಾಗೆ ಎಳೆಯುತ್ತಿದ್ದದ್ದು ಒಂದೇ ವಸ್ತು. ಈ ಗಾಡಿಗೆ ನಾನು ವೈರಿಂಗ್ ಮಾಡಿದಾಗ ಅದರ ಕರೆಂಟನ್ನು ನಾನೇ ಅಳೆದು ನೋಡಿದ್ದೆ. ಅದು ಈಗ ಈ ಗಾಡಿಯಲ್ಲಿ ಇಲ್ಲ. ಬೇರೆ ಯಾರದೋ ಮನೆಯಲ್ಲಿದೆ.

ಎಲ್ಲೋ ಸೋರುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸೋರಿಕೆ ಹುಡುಕಲು ಫ್ಯೂಸುಗಳನ್ನು ಒಂದೊಂದಾಗಿ ಕೀಳಬೇಕು. ಯಾವುದನ್ನು ಕಿತ್ತಾಗ ಮೀಟರು ನಿಲ್ಲುತ್ತದೋ ಅಲ್ಲಿ ದೋಷ. ಲೈಟಿನದು ಕಿತ್ತೆ. ನಿಲ್ಲಲಿಲ್ಲ. ಫ್ಯಾನಿನದು. ಫ್ರಿಜ್ಜಿನದು. ಚಾರ್ಜರಿನದು. ಕೊನೆಗೆ ಇನ್ವರ್ಟರಿನದು. ಫ್ಯೂಸುಗಳೆಲ್ಲ ನನ್ನ ಅಂಗೈಯಲ್ಲಿದ್ದವು. ಮೀಟರು ಓಡುತ್ತಲೇ ಇತ್ತು.

ಮೀಟರು ಕೆಟ್ಟಿರಬೇಕು. ಹಾಗಂದುಕೊಂಡು ಬ್ಯಾಟರಿಯ ದಪ್ಪ ತಂತಿಯ ಮೇಲೆ ಕೈಯಿಟ್ಟೆ. ಅಂಥ ಚಳಿಯಲ್ಲೂ ಅದು ಬೆಚ್ಚಗಿತ್ತು...

ಆಗ ಕೇಳಿಸಿತು. ಮೆಲ್ಲಗೆ, ಮಂಚದ ಪಕ್ಕದಿಂದ.

ಘುರ್ರ್... ಫುಸ್ಸ್...

ಉಳಿದಿದ್ದದ್ದು ಮೇನ್ ಸ್ವಿಚ್ಚೊಂದೇ. ಅದರತ್ತ ಕೈ ಚಾಚಿದೆ. ಕತ್ತಲಲ್ಲಿ ಇನ್ನೊಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

ಮಾಮಾ. ಯಾವಾಗ ಎದ್ದು ಕುಳಿತಿದ್ದರೋ.

"ಬ್ಯಾಡ ಸಿದ್ದು," ಎಂದರು, ಮಗು ಎದ್ದೀತು ಎನ್ನುವವರ ದನಿಯಲ್ಲಿ. "ಆಕಿ ಉಸಿರು ತಗೊಳಾಕತ್ತಾಳ."

"ಮಾಮಾ... ಏನೋ ಶಾರ್ಟ್ ಆಗಿರಬೇಕು ರೀ. ಬೆಂಕಿ ಹತ್ತಿದರ ಏನ್ ಮಾಡೋದು?"

"ಹತ್ತಲಿ. ಬಂದ್ ಮಾಡಬ್ಯಾಡ."

ನಾನು ಮಾಡಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಕುಳಿತೆವು. ಮಂಚದ ಖಾಲಿ ಜಾಗದತ್ತ ನೋಡುವ ಧೈರ್ಯ ನನಗೆ ಬರಲಿಲ್ಲ. ಮಾಮಾ ಆ ಕಡೆಗೇ ಮುಖ ಮಾಡಿ ಕುಳಿತಿದ್ದರು. ಹೊರಗೆ ಗಾಳಿ ನಿಂತುಹೋಗಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಘುರ್ರ್... ಫುಸ್ಸ್... ಅದೊಂದೇ.

ನನ್ನ ಲೆಕ್ಕಕ್ಕಿಂತ ಬೇಗ ಬ್ಯಾಟರಿ ಇಳಿಯುತ್ತಾ ಬಂತು. ಅರ್ಧವಾಯಿತು. ಕಾಲು ಭಾಗವಾಯಿತು. ಬೆಳಕು ಹರಿಯಲು ಇನ್ನೂ ಬಹಳ ಹೊತ್ತಿತ್ತು.

"ಮುಂಜಾನಿ ತನಕ ಬರ್ತದ ಅಂದಿದ್ದಿ," ಎಂದರು ಮಾಮಾ. ಬೈಗುಳವಾಗಿರಲಿಲ್ಲ ಅದು, ಕೈಮುಗಿದು ಕೇಳಿದ ಹಾಗಿತ್ತು.

ಬರುವುದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಇದು ಮಂಕಾಗುವ ಬ್ಯಾಟರಿಯಲ್ಲ, ಒಮ್ಮೆಗೇ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಮಾಮಾನ ಎದೆಯೂ ನಿಂತೀತು ಎಂದು ನನಗೆ ಖಂಡಿತವಾಗಿ ಅನಿಸಿತು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ನನಗೂ ಅದು ನಿಲ್ಲುವುದು ಬೇಡವಾಗಿತ್ತು. ಅವಳು ನನ್ನ ಅಕ್ಕ.

ಚಾರ್ಜರಿನ ಫ್ಯೂಸನ್ನು ಮತ್ತೆ ಕೂರಿಸಿದೆ. ಕೆಳಗಿಳಿದು, ಮುಂದಿನ ಸೀಟಿಗೆ ಹೋಗಿ ಇಂಜಿನ್ ಶುರು ಮಾಡಿದೆ. ಬ್ಯಾಟರಿ ಇಳಿಯುವುದು ನಿಂತಿತೆಂದು ಮಾಮಾ ಹಿಂದಿನಿಂದ ತಗಡು ತಟ್ಟಿ ತಿಳಿಸಿದರು. ಕಾಲು ಎಕ್ಸಿಲರೇಟರಿನ ಮೇಲೆ ಇಟ್ಟುಕೊಂಡು, ಚಳಿಗೆ ಹಲ್ಲು ಕಚ್ಚಿಕೊಂಡು, ಇಲ್ಲದ ಮಷೀನಿಗೆ ಕರೆಂಟು ಕೊಡುತ್ತಾ ಕುಳಿತೆ. ದೆವ್ವ ಅಂದರೆ ನಗುತ್ತಿದ್ದ ನಾನು. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣಿಂದ ನೀರಿಳಿಯುತ್ತಿತ್ತು.

ಕೊನೆಗೂ ಬೆಳಕು ಹರಿಯಿತು. ಇಂಜಿನ್ ಬಂದ್ ಮಾಡಿ ಹಿಂದಕ್ಕೆ ಹೋದೆ. ಸದ್ದು ಇನ್ನೂ ಇತ್ತು, ಮೀಟರೂ ಓಡುತ್ತಿತ್ತು. ಮಾಮಾನ ಮುಖ ನೋಡಿ ನನಗೆ ಆಶ್ಚರ್ಯವಾಯಿತು. ಅಕ್ಕ ಹೋದ ಮೇಲೆ ಆ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ.

"ರಾತ್ರಿ ಪೂರಾ ತವರಾಗ ಮಲಗ್ಯಾಳ ನೋಡು," ಎಂದರು. "ತವರಿಗೆ ಬಂದಾಕಿನ್ನ ಬರಿಗೈಲೆ ಕಳಸ್ತೀ ಏನು? ಉಡಿ ತುಂಬು."

ತವರಿಗೆ ಬಂದ ಮಗಳು ಹೊರಡುವಾಗ ಉಡಿ ತುಂಬಿ, ಅಂದರೆ ಮಡಿಲಿಗೆ ಅಕ್ಕಿ ಹಣ್ಣು ಹಾಕಿ, ಕಳಿಸುವುದು ನಮ್ಮಲ್ಲಿ ಬಿಡದ ಪದ್ಧತಿ. ಅದು ಹೆಂಗಸರ ಕೆಲಸ. ಅಲ್ಲಿ ನಾವಿಬ್ಬರು ಗಂಡಸರು ಬಿಟ್ಟರೆ ಯಾರಿದ್ದರು? ಗಾಡಿಯಲ್ಲಿ ಅಕ್ಕ ಇಟ್ಟಿದ್ದ ಡಬ್ಬಿಯಿಂದ ಒಂದು ಬೊಗಸೆ ಅಕ್ಕಿ ತೆಗೆದುಕೊಂಡೆ. ತೋಟದೊಳಗೆ ಹೋಗಿ ಗಿಡದಲ್ಲೇ ಮಾಗಿದ್ದ ಎರಡು ಕೆಂಪು ಬಾಳೆಹಣ್ಣು ಕಿತ್ತು ತಂದೆ. ಹಸಿರು ಶಾಲನ್ನು ಮಂಚದ ಮೇಲೆ ಬಿಡಿಸಿದೆ. ಅಕ್ಕಿ, ಹಣ್ಣು ಇಟ್ಟು ಶಾಲಿನ ಸೆರಗು ಮಡಚಿದೆ.

"ಹೋಗಿ ಬಾ ಅಕ್ಕ," ಎಂದೆ. ಅಭ್ಯಾಸಬಲದಿಂದ ಬಂದ ಮಾತು.

ಘುರ್ರ್...

ಮುಂದಿನದು ಬರಲಿಲ್ಲ. ಮೀಟರಿನಲ್ಲಿ ಅಂಕಿ ಇಳಿಯಿತು, ಮತ್ತೆ ಏರಲಿಲ್ಲ. ಸೊನ್ನೆ. ಎಷ್ಟೋ ಹೊತ್ತಿನಿಂದ ನಿಂತಿದ್ದ ಗಾಳಿ ಒಮ್ಮೆಗೇ ಬೀಸಿ ತೋಟದ ಎಲೆಗಳೆಲ್ಲ ಸದ್ದು ಮಾಡಿದವು.

"ಯಾಕ ನಿಂತಿತು?" ಎಂದರು ಮಾಮಾ. ನನ್ನನ್ನು ನೋಡಿದರು, ಮೇನ್ ಸ್ವಿಚ್ಚನ್ನು ನೋಡಿದರು. ನಾನು ಅದನ್ನು ಮುಟ್ಟಿರಲಿಲ್ಲ. "ಸಿದ್ದು, ಯಾಕ ನಿಂತಿತೋ?"

ಅಂದು ಮಾಮಾ ಅತ್ತರು. ಬಾವಿಯ ಕಟ್ಟೆಯ ಮೇಲೆ ಕುಳಿತು, ಮಣ್ಣಿನ ದಿನ ಅಳದೇ ಇಟ್ಟುಕೊಂಡಿದ್ದನ್ನೆಲ್ಲ ಅತ್ತರು. ಗಾಡಿಯನ್ನು ನಾನೇ ಓಡಿಸಿಕೊಂಡು ಬಂದೆ.

ಅಂಗಡಿಗೆ ತಂದು ಆ ಮೀಟರನ್ನು ಬಿಚ್ಚಿ ನೋಡಿದೆ, ಬೇರೊಂದು ಹಚ್ಚಿ ನೋಡಿದೆ. ಏನೂ ದೋಷವಿಲ್ಲ. ತಂತಿಗಳಲ್ಲಿ ಒಂದು ಗೀರೂ ಇಲ್ಲ. ಆದರೆ ಬ್ಯಾಟರಿ ನಿಜಕ್ಕೂ ಬಹುಪಾಲು ಖಾಲಿಯಾಗಿತ್ತು. ತುಂಬಲು ಹಗಲೆಲ್ಲ ಹಿಡಿಯಿತು. ಅಷ್ಟು ಕರೆಂಟು ಎಲ್ಲಿ ಹೋಯಿತು? ಈ ದಂಧೆಯ ನನ್ನ ಗೆಳೆಯರನ್ನೂ ಕೇಳಿದೆ. "ಎಷ್ಟು ಕುಡದಿದ್ದಿಯೋ?" ಎಂದು ಅವರು ನನ್ನನ್ನೇ ಕೇಳಿದರು.

ಮಾಮಾ ಆಮೇಲೆ ಎಷ್ಟೋ ಸಲ ಒಬ್ಬರೇ ಕಮಲಾಪುರಕ್ಕೆ ಹೋದರು. ಅದೇ ಬಾವಿಯ ಪಕ್ಕ, ಅದೇ ಮಂಚ. ಮೀಟರಿನ ಮುಂದೆ ಬೆಳಗಿನ ತನಕ ಕೂರುತ್ತಾರೆ. ಒಮ್ಮೆ ನಾನೂ ಹೋಗಿದ್ದೆ. ಇಡೀ ರಾತ್ರಿ ಸೊನ್ನೆ, ಬ್ಯಾಟರಿ ನೂರಕ್ಕೆ ನೂರು. ಮೀಟರು ಓಡಿದ ರಾತ್ರಿಗಿಂತ ಈ ರಾತ್ರಿಯನ್ನು ಕಳೆಯುವುದು ನನಗೆ ಹೆಚ್ಚು ಕಷ್ಟವಾಯಿತು.

ಮೊನ್ನೆ ಮಾಮಾ ಅಂಗಡಿಗೆ ಬಂದಿದ್ದರು. ಇಳಿದುಹೋಗಿದ್ದಾರೆ. ನೆಲ ನೋಡುತ್ತಾ ಹೇಳಿದರು:

"ಆಕಿ ಇನ್ನೂ ಇರ್ತಿದ್ದಳೋ ಏನೋ ಸಿದ್ದು. ನಾನೇ ಹೇಳಿದೆನಲ್ಲ, ಉಡಿ ತುಂಬು ಅಂತ. ಉಡಿ ತುಂಬಿದ ಮ್ಯಾಲ ಯಾವ ಮಗಳು ತವರಾಗ ನಿಲ್ತಾಳ?"

ಬರುವ ಅಮಾವಾಸ್ಯೆಗೆ ಮತ್ತೆ ಹೋಗೋಣ ಎಂದಿದ್ದಾರೆ, ನಾನೂ ಹೂಂ ಅಂದಿದ್ದೇನೆ. ಈ ಸಲ ಮೀಟರು ಓಡಿದರೆ ಏನು ಮಾಡಬೇಕೋ ತಿಳಿಯದು. ಓಡದಿದ್ದರೆ ಮಾಮಾನನ್ನು ಅಲ್ಲಿಂದ ಹೇಗೆ ಎಬ್ಬಿಸಿಕೊಂಡು ಬರಬೇಕೋ, ಅದೂ ತಿಳಿಯದು.